ಸೊಂಟದ ಮೇಲಿನ ಸಿಂಹ

ನಮ್ಮ ಬೀದರ ಜಿಲ್ಲೆಯನ್ನು ಕೊಯ್ದು ಮೂರು ರಾಜ್ಯಗಳಿಗೆ ಹಂಚಿದ ವರ್ಷವೇ ನನ್ನನ್ನೂ ಕೊಯ್ಯಬೇಕೆಂದು ತೀರ್ಮಾನವಾಗಿತ್ತು. ಜಿಲ್ಲೆಗೆ ನೋವಾಯಿತೋ ಇಲ್ಲವೋ ದೊಡ್ಡವರನ್ನು ಕೇಳಬೇಕು. ನನ್ನ ವಿಷಯ ನಾನು ಹೇಳಬಲ್ಲೆ.

ಬಲಗಡೆಯ ತೊಡೆಸಂದಿಯಲ್ಲಿ ನನಗೆ ಕರುಳು ಇಳಿಯುತ್ತಿತ್ತು. ಡಾಕ್ಟರರು ಅದಕ್ಕೆ ಹರ್ನಿಯಾ ಎಂದರು. ನಿಂಬೆಕಾಯಿಯಷ್ಟು ಗಂಟು, ಮಲಗಿದರೆ ಒಳಗೆ ಹೋಗುವುದು, ನಿಂತು ಕೂಗಿದರೆ ಹೊರಗೆ ಬರುವುದು. ಬೇರೆಯವರಾದರೆ ಕೂಗದೆ ಇದ್ದುಬಿಡಬಹುದು. ನಾನು ಭಾಲ್ಕಿಯಲ್ಲಿ ಶಾಲೆಯ ಮಾಸ್ತರ; ಅದಕ್ಕಿಂತ ಹೆಚ್ಚಾಗಿ ಊರಿನ ನಕಲಿಗಾರ. ಕಚೇರಿಯ ಜವಾನ ಉರ್ದುವಿನಲ್ಲಿ ಕಕ್ಷಿದಾರರ ಹೆಸರು ಕೂಗುವ ಠೀವಿ, ರೈಲು ಬಂದಾಗ ಚಹಾ ಮಾರುವವನ ರಾಗ, ಜಗಳವನ್ನು ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುವ ನಮ್ಮ ಓಣಿಯ ಕಾಕು, ಚಿಕ್ಕಮ್ಮಂದಿರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದರು. ಹೊಸ ರಾಜ್ಯದ ಸುದ್ದಿ ಬಂದ ಮೇಲೆ ಮೈಸೂರಿನ ಸಾಹೇಬರೊಬ್ಬರನ್ನೂ ಸೇರಿಸಿಕೊಂಡೆ. ಅಂಥವರನ್ನು ನಾನು ಕಣ್ಣಿನಿಂದ ನೋಡಿರಲಿಲ್ಲ. ಆದರೂ ಕೈ ಜೋಡಿಸಿ, "ದಯಮಾಡಿ ಬೇಜಾರು ಮಾಡ್ಕೋಬೇಡಿ ಸ್ವಾಮಿ, ತಮ್ಮ ಅರ್ಜಿ ಕಳೆದುಹೋಗಿದೆ" ಎಂದು ಬೆಣ್ಣೆ ಹಚ್ಚಿ ಹೇಳಿದರೆ ಚಹಾದ ಅಂಗಡಿಯ ಬೆಂಚಿನಿಂದ ಜನ ಉರುಳುತ್ತಿದ್ದರು. ಅವರ ಜೊತೆ ನನ್ನ ಕರುಳೂ ಉರುಳುತ್ತಿತ್ತು. ಹೀಗಾಗಿ ನಕಲು ಮಾಡುವಾಗ ಒಂದು ಕೈ ಧೋತರದ ಮೇಲೆ ಒತ್ತಿಕೊಂಡೇ ಇರಬೇಕಾಗಿತ್ತು. ನೋಡುವವರು ಅದನ್ನೂ ನಕಲಿನ ಭಾಗವೆಂದು ತಿಳಿದರು. ಸಾಹೇಬರು ಖರೇ ಹಾಗೇ ಒತ್ತಿಕೊಳ್ಳುತ್ತಾರೆಂದು ಭಾತಂಬ್ರಾದ ರೈತರೊಬ್ಬರು ಆಣೆ ಮಾಡಿ ಹೇಳಿದ್ದರು.

ಆ ಮಳೆಗಾಲದಲ್ಲಿ ಹಲಬರ್ಗಾ ಸ್ಟೇಷನ್ನಿನಲ್ಲಿ ಹೊರಗೆ ಬಂದ ಗಂಟು ಒಳಗೆ ಹೋಗಲಿಲ್ಲ. ಬೆಂಚಿನ ಮೇಲೆ ಕಾಲು ಮೇಲೆ ಮಾಡಿ ಮಲಗಿ, ವಾಂತಿ ಮಾಡಿ, ನೆನಪಿದ್ದ ದೇವರನ್ನೆಲ್ಲ ಅವರವರ ಪೂಜಾರಿಯ ದನಿಯಲ್ಲೇ ಕರೆದೆ. ಕೊನೆಗೆ ಹೇಗೋ ಅದು ಜಾರಿ ಒಳಗೆ ಹೋಯಿತು. ಬೀದರಿನ ದವಾಖಾನೆಯ ಸರ್ಜನ್ ಸಾಹೇಬರು ಒತ್ತಿ ನೋಡಿ ತಲೆ ಅಲ್ಲಾಡಿಸಿದರು.

"ಈ ಸಲ ತಾನಾಗಿ ಹೋಯ್ತು ಮಿಯಾ. ಇನ್ನೊಮ್ಮೆ ಸಿಕ್ಕಿಬಿದ್ರ, ರೈಲು ಬರೂತನಾ ನೀ ಇರ್ತಿ ಅಂತ ನಾ ಹೇಳ್ಲಾರೆ. ಕೊಯ್ಯಬೇಕು."

ಸಾಹೇಬರ ಮನೆಮಾತು ತೆಲುಗು, ಬಾಯಿಮಾತು ದಖನಿ ಉರ್ದು; ಯಾವ ಜಾತಿಯವನಾದರೂ ಅವರಿಗೆ ಮಿಯಾ. ಕನ್ನಡವನ್ನು ನಮ್ಮಂಥ ರೋಗಿಗಳಿಂದ ಕಲಿತವರು. ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರುವುದು ಗೊತ್ತಾದಾಗ ಅವರ ಹೆಸರು ಆಂಧ್ರದ ಪಾಲಿಗೆ ಬಂತು. ಒಪ್ಪಿಕೊಂಡಿದ್ದ ಆಪರೇಶನ್‌ಗಳನ್ನು, ನನ್ನದನ್ನೂ ಸೇರಿಸಿ, ದೀಪಾವಳಿಯ ನಂತರ ಮುಗಿಸಿ ಅವರು ಗಂಟುಮೂಟೆ ಕಟ್ಟುವವರಿದ್ದರು. ಅವರ ಜಾಗಕ್ಕೆ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ, ಬಂದವರಿಗೆ ಹೊಟ್ಟೆ ಕೊಯ್ಯಲು ಬರುತ್ತದೋ ಕೈ ಮುಗಿಯಲು ಮಾತ್ರ ಬರುತ್ತದೋ, ಯಾರಿಗೂ ತಿಳಿದಿರಲಿಲ್ಲ. ನನ್ನ ಪಾಲಿಗೆ ಈ ದೀಪಾವಳಿ ತಪ್ಪಿದರೆ ತಪ್ಪಿತು.

ಇಂಥ ಹೊತ್ತಿನಲ್ಲಿ, ದಸರಾ ಮುಗಿದು ಸ್ವಲ್ಪ ದಿನಕ್ಕೆ, ನನಗೆ ಜ್ವರ ಬಂತು. ಜ್ವರದ ಹಿಂದೆಯೇ ಗುಳ್ಳೆಗಳು ಬಂದವು. ಎಲ್ಲಿ ಎಂದರೆ, ಮನುಷ್ಯ ದೇವರ ಮುಂದೆ ಕೂಡ ಮುಚ್ಚಿಕೊಂಡು ನಿಲ್ಲುವಲ್ಲಿ. ಸಣ್ಣ ಸಣ್ಣ, ನೀರು ತುಂಬಿದ, ಗುಂಪುಕಟ್ಟಿದ ಗುಳ್ಳೆಗಳು. ಒಡೆದರೆ ಮೆಣಸಿನಪುಡಿ ಉದುರಿಸಿದ ಉರಿ. ಮೂತ್ರಕ್ಕೆ ಕೂತರೆ ಕಣ್ಣಲ್ಲಿ ನೀರು.

ನನಗೆ ಗೊತ್ತಿದ್ದ ಹೆಸರು ಒಂದೇ: ಗರಮಿ. ಕೆಟ್ಟ ಸಹವಾಸ ಮಾಡಿದವರಿಗೆ ಬರುವ ರೋಗ, ಕೊನೆಗೆ ಮೂಗು ಕರಗಿ ಹೋಗುತ್ತದೆ ಎಂದು ಬಜಾರಿನಲ್ಲಿ ಹೇಳುತ್ತಿದ್ದರು. ಯಾರ ಸಹವಾಸವನ್ನೂ ಮಾಡದ ನಾನು, ಮದುವೆಯಾಗಿ ವರ್ಷ ಕೂಡ ತುಂಬದ ನಾನು, ಕನ್ನಡಿಯಲ್ಲಿ ಮೂಗು ನೋಡಿಕೊಂಡೆ. ಮೂಗಿಲ್ಲದೆ ಮೈಸೂರು ಸಾಹೇಬರ ದನಿ ತೆಗೆಯುವುದು ಹೇಗೆ ಎಂಬ ಚಿಂತೆಯೂ ಹತ್ತಿತು. ನನ್ನಾಕೆ ಆಗಷ್ಟೇ ಹಬ್ಬಕ್ಕೆಂದು ಔರಾದದ ತವರಿಗೆ ಹೋಗಿದ್ದಳು. ಮನೆಯಲ್ಲಿ ಅವ್ವ ಮಾತ್ರ.

"ಯಾಕ್ಲೇ, ಹಂಗ್ಯಾಕ ಕಾಲ ಅಗಲಿಸಿ ನಡೀಲಾಕತ್ತಿ?"

"ನಕಲಿ ಮಾಡ್ಲಾಕತ್ತೀನವ್ವ."

"ಯಾರ್ದು?"

"ಬಾತುಕೋಳೀದು."

ಅವ್ವ ಹಣೆ ಮುಟ್ಟಿದಳು. "ಬಾತುಕೋಳಿಗಿ ಜ್ವರಾನೂ ಬಂದಾವ ನೋಡು. ಏನಾಗ್ಯಾದ ಬಾಯಿ ಬಿಡು."

"ಗುಳ್ಳಿ ಎದ್ದಾವ."

"ಗುಂಪು ಗುಂಪು? ಉರೀತಾವ?"

"ಬೆಂಕಿ ಬೆಂಕಿ."

"ಎಲ್ಲಿ?"

ಅದುವರೆಗೆ ಹೇಳಿದ್ದೆಲ್ಲ ಸತ್ಯವೇ. ಇಲ್ಲಿ ಒಂದು ಗೇಣು ಮೇಲೆ ಸರಿಸಿ ಹೇಳಿದೆ: "ಸೊಂಟದ ಮ್ಯಾಲ."

"ಅಯ್ಯ ನನ್ನಪ್ಪ, ಸರ್ಪಸುತ್ತು!"

ಸರ್ಪಸುತ್ತು ಮರ್ಯಾದೆಯ ರೋಗ. ಯಾರಿಗೆ ಬೇಕಾದರೂ ಬರಬಹುದು, ಬಂದವನನ್ನು ಕಂಡು ಜನ ಅಯ್ಯೋ ಅನ್ನುತ್ತಾರೆ. ಸೊಂಟ ಸುತ್ತುವ ಹಾವಿನ ಹೆಡೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನಂಬಿಕೆ. ಕೂಡದಂತೆ ಕೆಮ್ಮಣ್ಣು ಕಲಸಿ ಮೈಮೇಲೆ ಸಿಂಹ ಬರೆಯಬೇಕು. ನಮ್ಮ ಓಣಿಯಲ್ಲಿ ಅದನ್ನು ಬರೆಯುವವಳು ಕುಂಬಾರರ ಮನೆಯ ಆಯಿ. ಅವ್ವ ಓಡಿದಳು, ಆಯಿ ಬಟ್ಟಲು ಹಿಡಿದು ಬಂದೇಬಿಟ್ಟಳು.

ನಾನು ಅಂಗಿ ಎತ್ತಿ ಧೋತರವನ್ನು ಎರಡು ಬೆರಳು ಇಳಿಸಿದೆ. ಆಯಿ ಬಗ್ಗಿ ನೋಡಿದಳು.

"ಎಲ್ಲಿ ಅದನೋ ಹಾವು?"

"ಕೆಳಗ ಇಳದದ ಆಯಿ."

"ಇಳಸು ಮತ್ತ."

"ನಾಚ್ಕಿ ಆಗ್ತದ."

"ಹುಟ್ಟಿದಾಗ ನಿನ್ನ ತೊಳದಾಕಿ ನಾನೇ. ಆವಾಗ ಒದರಿದ್ದಿ, ನಾಚಿದ್ದಿಲ್ಲ."

ನಾನು ಧೋತರ ಬಿಗಿಯಾಗಿ ಹಿಡಿದುಕೊಂಡೆ. ಕೊನೆಗೆ ಆಯಿಯೇ ಸೋತು, ಹಾವು ಮೇಲೆ ಬರದಂತೆ ಕಾವಲಿರಲಿ ಎಂದು ಸೊಂಟದ ಮೇಲೆ ಕೆಳಮುಖ ಮಾಡಿ ಸಿಂಹ ಬರೆದಳು. ಪಾಪ, ಆಕೆ ಸಿಂಹ ಕಂಡವಳಲ್ಲ. ನಾಯಿಗೆ ಗಡ್ಡ ಬಿಟ್ಟ ಹಾಗಿತ್ತು. ಅದು ಹಗಲಿರುಳು ನನ್ನ ಸುಳ್ಳಿನ ಕಡೆಗೇ ಬಗ್ಗಿ ನೋಡುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನೇ ಜಾಣ. ಆದರೆ ಆಯಿ ಬಾಗಿಲು ದಾಟುತ್ತಿದ್ದಂತೆ ಅವ್ವ ತೀರ್ಪು ಕೊಟ್ಟಳು: "ಇನ್ನ ಆಪರೇಶನ್ ಇಲ್ಲ. ನಾಗಪ್ಪ ಮೈಮ್ಯಾಲ ಬಂದಾಗ ಕಬ್ಬಿಣ ತಾಗಸಬಾರದು. ಮುಂದಿನ ಪಂಚಮಿಗಿ ಹಾಲ ಎರ್ದು, ಆಮ್ಯಾಲ ನೋಡೂಣ."

ನಾಗರಪಂಚಮಿ ಹೋಗಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಮುಂದಿನದು ಬರುವ ಹೊತ್ತಿಗೆ ಸರ್ಜನ್ ಸಾಹೇಬರು ಆಂಧ್ರದಲ್ಲಿ ಯಾರ ಹೊಟ್ಟೆ ಹೊಲಿಯುತ್ತಿರುತ್ತಾರೋ! ಮರ್ಯಾದೆ ಉಳಿಯಲೆಂದು ಆರಿಸಿಕೊಂಡ ರೋಗವೇ ನನ್ನ ಆಪರೇಶನ್ನನ್ನು ನುಂಗಿ ಕೂತಿತ್ತು. ಅವ್ವ ಒಲ್ಲೆನೆಂದರೆ ಒಲ್ಲೆ. ದವಾಖಾನೆಯ ಬಾಗಿಲಿಗೆ ಅಡ್ಡ ಕೂಡುವ ಹೆಂಗಸು ಆಕೆ.

"ಡಾಕ್ಟರಗ ಬ್ಯಾಡ ಅಂತ ಹೇಳಿ ಬರ್ತೇನಿ" ಎಂದು ಅವ್ವನಿಗೆ ಹೇಳಿ ಬೀದರಿನ ರೈಲು ಹತ್ತಿದೆ. ಕೂತರೆ ಉರಿ, ನಿಂತರೆ ಗಂಟು. ಒಂದು ಕಾಲು ಮಡಚಿ ಬಾಗಿಲಿಗೆ ಒರಗಿಕೊಂಡು ಹೋದೆ.

ಸಾಹೇಬರ ಮುಂದೆ ನನ್ನ ಸ್ವಂತ ದನಿ ಏಳಲಿಲ್ಲ. ಕಮಠಾಣದ ಕಡೆಯ ಮುದುಕ ರೈತನೊಬ್ಬನ ದನಿ ತೆಗೆದೆ. "ನಮ್ಮ ಪೈಕಿ ಒಬ್ಬಾವ ಅದಾನ್ರಿ ಸಾಹೇಬ್ರೆ, ಅವಗ ಪಾಪ ಹೇಳಬಾರದ ಜಾಗಾದಾಗ..."

ಸಾಹೇಬರು ತಲೆ ಎತ್ತದೆ ಹೇಳಿದರು: "ಆ ಒಬ್ಬಾವನ ಧೋತ್ರ ಬಿಚ್ಚು."

ಬಿಚ್ಚಿದೆ. ಮೊದಲು ಕಂಡದ್ದು ಸಿಂಹ. ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಇದ್ಯಾವ ಪಾರ್ಟಿ ನಿಶಾನಿ? ಈ ಸಲ ಎಲೆಕ್ಷನ್‌ಗೆ ನಿಂದರ್ತಿಯೇನು?"

ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ. ಅವರು ಕಿಟಕಿಯ ಬೆಳಕಿಗೆ ಮಲಗಿಸಿ ಬಹಳ ಹೊತ್ತು ನೋಡಿದರು. ಎರಡೂ ತೊಡೆಸಂದಿ ಮುಟ್ಟಿ, ಗುಳ್ಳೆಗಳ ನಂಜಿಗೆ ಅಲ್ಲಿನ ಗಡ್ಡೆ ಊದಿದ್ದನ್ನು ತೋರಿಸಿದರು. ಆಮೇಲೆ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತರು.

"ಗರಮಿ ಅಂತ ಹೆದರಿದ್ಯಲ್ಲ? ಗರಮಿ ಹುಣ್ಣು ಬಹಳ ಮಾಡಿ ಒಂದೇ ಇರ್ತದ, ನೋಯಂಗಿಲ್ಲ. ಇವು ಗುಂಪು ಕೂಡಿ ಕೂತಾವ, ಉರೀತಾವ. ಇದು ಹರ್ಪೀಸ್. ಆದ್ರೂ ರಕ್ತ ತೆಗೆದು ನೋಡ್ತೇನಿ, ನಿನ್ನ ಸಮಾಧಾನಕ್ಕ."

ಹರ್ನಿಯಾ, ಹರ್ಪೀಸ್. ಒಂದೇ ಮನೆಯ ಹೆಣ್ಣುಮಕ್ಕಳ ಹೆಸರಿನಂತೆ ಕೇಳಿಸಿದವು. ಅಕ್ಕನನ್ನು ಕಳಿಸಲು ಬಂದರೆ ತಂಗಿಯೂ ಬಂದು ಕೂತಿದ್ದಳು.

"ಮನಿಯಾಕಿ ತುಟಿ ಮ್ಯಾಲ ಜ್ವರದ ಗುಳ್ಳಿ ಎದ್ದಿದ್ವೇನು, ಇತ್ತೀಚಿಗಿ?"

ದಸರಾದಲ್ಲಿ ಎದ್ದಿದ್ದವು. ನಾನು ಧೋತರದ ಅಂಚು ಎಳೆದು ಸಿಂಹವನ್ನು ಮುಚ್ಚಿದೆ. ಕಿವಿ ಬಿಸಿಯಾಯಿತು. ಸಾಹೇಬರಿಗೆ ಅಷ್ಟು ಉತ್ತರ ಸಾಕಾಯಿತು.

"ಅದೇ ಇದು. ಮ್ಯಾಲ ಎದ್ದದ್ದು ಕೆಳಗ ಎದ್ದದ. ಹೊಸದಾಗಿ ಲಗ್ನ ಆದವರಿಗಿ ನಾ ಏನು ಹೇಳ್ಲಿ? ಎಲ್ಲಿಂದ ಬಂತು ಅಂತ ಪಂಚಾಯ್ತಿ ಮಾಡಬ್ಯಾಡ. ಮುಂದ ಎಲ್ಲಿಗಿ ಹೋಗಬಾರದು ಅನ್ನೂದು ನೋಡು."

"ದವಾ ಕೊಡ್ರಿ, ಕಡಕ್ ಇರೂದು ಕೊಡ್ರಿ."

"ಇದನ್ನ ಕೊಲ್ಲೂ ದವಾ ಇನ್ನಾ ಹುಟ್ಟಿಲ್ಲ ಮಿಯಾ. ತಾನಾಗಿ ಮಾಯ್ತದ. ನೀ ಅಡ್ಡ ಬರಬ್ಯಾಡ, ಅಷ್ಟೇ."

ಅಡ್ಡ ಬರದಿರುವುದು ಹೇಗೆಂದು ವಿವರವಾಗಿ ಹೇಳಿದರು. ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ತೊಳೆಯಬೇಕು, ಉಜ್ಜದೆ ಒತ್ತಿ ಒರೆಸಬೇಕು, ಗಾಳಿಯಾಡಬೇಕು. ಗುಳ್ಳೆ ಒಡೆಯಬಾರದು, ಎಣ್ಣೆ, ಗಿಡಮೂಲಿಕೆ, ಮಣ್ಣು ಯಾವುದೂ ತಾಗಬಾರದು. ಮುಟ್ಟಿದ ಕೈ ಸಾಬೂನಿನಿಂದ ತೊಳೆಯದೆ ಕಣ್ಣಿಗೆ ಹೋಗಬಾರದು. ನೀರು ಬಹಳ ಕುಡಿಯಬೇಕು. ಉರಿ ತಾಳದಿದ್ದರೆ ಬೆಚ್ಚನೆಯ ನೀರಿನಲ್ಲಿ ಕೂತೇ ಮೂತ್ರ ಮಾಡಬೇಕು. ನೋವಿಗೆ ಗುಳಿಗೆ ಕೊಟ್ಟರು. ಪೂರ್ತಿ ಮಾಯುವ ತನಕ ಹೆಂಡತಿಯ ಹತ್ತಿರ ಹೋಗಬಾರದು. ಮುಂದೆ ಮತ್ತೆ ಬರಬಹುದು, ಆದರೆ ಇಷ್ಟು ಜೋರು ಇರುವುದಿಲ್ಲ ಎಂದೂ ಹೇಳಿದರು. ಬಂದಿದೆ, ಒಮ್ಮೆ, ಮರುವರ್ಷದ ಬೇಸಿಗೆಯಲ್ಲಿ. ನೆಂಟರ ಹಾಗೆ ಮುಖ ತೋರಿಸಿ ಹೋಯಿತು.

"ಮತ್ತ ಆಪರೇಶನ್ರಿ?"

ಸಾಹೇಬರ ನಗೆ ನಿಂತಿತು. "ಹಸಿ ಹುಣ್ಣು ಬಾಜೂಕಿಟ್ಟು ನಾ ಕತ್ತಿ ಹಿಡಿಯಂಗಿಲ್ಲ. ಕೀವು ಆದ್ರ ಹೊಲಿಗಿ ಬಿಚ್ಚಿ ಹೋಗ್ತದ. ನಿನ್ನ ಕಟ್ಟಕಡೀಕಿ ಇಡ್ತೇನಿ. ಅಷ್ಟರಾಗ ಗುಳ್ಳಿ ಒಣಗಿ, ಹಕ್ಕಳಿ ಉದುರಿ, ಹೊಸ ಚರ್ಮ ಬಂದು, ಈ ಗಡ್ಡೆ ಇಳೀಬೇಕು. ಇಲ್ಲಂದ್ರ ನಿನ್ನ ನಸೀಬು."

ಅಲ್ಲಿಂದ ಸೀದಾ ಔರಾದದ ಬಸ್ಸು. ಹೋಗದೆ ಗತಿಯಿರಲಿಲ್ಲ. ಅಳಿಯನ ಮೊದಲ ದೀಪಾವಳಿ ಮಾವನ ಮನೆಯಲ್ಲೇ ಆಗಬೇಕು: ಅತ್ತೆ ಕೂಡಿಸಿ ಮೈತುಂಬ ಎಣ್ಣೆ ತಿಕ್ಕಬೇಕು, ಹೊಸ ಬಟ್ಟೆ ಉಡಿಸಬೇಕು. ನನಗೆಂದು ಪಾಟಲೋನು ಹೊಲಿಸಿದ್ದರು. ದರ್ಜಿ ಬಲು ಬಿಗಿ ಕೈಯವನು. ಎಣ್ಣೆ, ಬಿಗಿ ಪಾಟಲೋನು, ಕರಿದ ತಿಂಡಿ, ಹತ್ತಿರದಲ್ಲೇ ಹೆಂಡತಿ. ಸಾಹೇಬರು ಬೇಡವೆಂದದ್ದನ್ನೆಲ್ಲ ಅತ್ತೆ ತಾಟಿನಲ್ಲಿ ಜೋಡಿಸಿ ಆರತಿ ಎತ್ತಿದಂತಿತ್ತು.

ಮಧ್ಯಾಹ್ನ ನನ್ನಾಕೆಯನ್ನು ಮಾಳಿಗೆಗೆ ಕರೆದು ಎಲ್ಲ ಹೇಳಿದೆ. ಮೊದಲ ಬಾರಿಗೆ ಯಾರ ದನಿಯನ್ನೂ ಸಾಲ ತರಲಿಲ್ಲ. ಆಕೆ ತನ್ನ ತುಟಿ ಮುಟ್ಟಿಕೊಂಡಳು. ಕಣ್ಣು ತುಂಬಿ ಬಂದವು.

"ಅಂದ್ರ ನನ್ನಿಂದ ನಿಮ್ಮ ಆಪರೇಶನ್ ತಪ್ತದೇನ್ರಿ?"

"ಪಂಚಾಯ್ತಿ ಮಾಡಬ್ಯಾಡ ಅಂದಾರ ಸಾಹೇಬ್ರು."

"ಭಾಲ್ಕ್ಯಾಗ ನಮ್ಮ ಅತ್ತಿಗಿ ಏನು ಹೇಳೀರಿ?"

"ಸರ್ಪಸುತ್ತು ಅಂತ ಹೇಳೀನಿ."

ಕಣ್ಣೀರು ಅಲ್ಲೇ ನಿಂತಿತು. "ಹಾಂ? ಅಂದ್ರ ನಾ ಹಾವೇನು?"

ಅಂಗಿ ಎತ್ತಿ ಸಿಂಹ ತೋರಿಸಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತೇಬಿಟ್ಟಳು. ನಕ್ಕು ಮುಗಿದ ಮೇಲೆ ಎದ್ದು ನಿಂತಳು, ಅಷ್ಟೇ. ಅಂದಿನಿಂದ ಆ ಮನೆಯಲ್ಲಿ ರಾಜ್ಯಭಾರ ಆಕೆಯದು. "ಡಾಕ್ಟರ್ ಎಣ್ಣಿ ಬ್ಯಾಡಂದಾರವ್ವ, ಕೊಯ್ಯೂದದಲ್ಲ, ಉಪ್ಪುನೀರೇ ಆಗಬೇಕಂತ" ಎಂದು ತಾಯಿಯ ಕೈಯ ಬಟ್ಟಲನ್ನು ಇಳಿಸಿದಳು. ಶಾಸ್ತ್ರಕ್ಕೆ ನೆತ್ತಿಗೆ ಒಂದು ಹನಿ ಬಿತ್ತು. ಪಾಟಲೋನು ಪೆಟ್ಟಿಗೆ ಸೇರಿತು. ಅವಳ ಹಳೆಯ ಮೆತ್ತನೆಯ ಸೀರೆ ಹರಿದು ನನಗೆ ಲುಂಗಿಯಾಯಿತು. ಒರೆಸಿದ ಬಟ್ಟೆಯನ್ನು ಬೇರೆ ಕುದಿಸಿ ಬಿಸಿಲಿಗೆ ಬೇರೆ ಹಾಕಿದಳು. ಬಚ್ಚಲಿನಲ್ಲಿ ಅಗಲ ಬಾಯಿಯ ತಾಮ್ರದ ಬೋಗುಣಿ ಇಟ್ಟು ಬೆಚ್ಚನೆಯ ಉಪ್ಪುನೀರು ಹೊಯ್ದಳು.

ಅದರಲ್ಲಿ ಕೂತು ನಾನು ಮುಲುಗುತ್ತಿದ್ದೆ. ಸುಮ್ಮನೆ ಮುಲುಗಿದರೆ ನಾಚಿಕೆ. ಜವಾನನಂತೆ, ಚಹಾದವನಂತೆ ಮುಲುಗುತ್ತಿದ್ದೆ. ಬಾಗಿಲ ಹೊರಗೆ ನಿಂತು ಅವಳು ಗುರುತು ಹಿಡಿಯುತ್ತಿದ್ದಳು.

"ಇವರು ಯಾರು, ಸ್ಟೇಷನ್ ಮಾಸ್ತರೇನು?"

"ಹೂಂ."

"ಅವರಿಗೆ ಇಷ್ಟು ನೋಯಂಗಿಲ್ಲ. ನಿಮ್ಮದು ಒಂದು ಕೇಳಸ್ರಿ ನೋಡೂಣ."

ಕೇಳಿಸಿದೆ. ಅದು ಚಿಕ್ಕ ಹುಡುಗ ಅತ್ತಂತೆ ಬಂತು. ಹೊರಗಿನಿಂದ ಅವಳು ಇನ್ನೊಂದು ತಂಬಿಗೆ ಬೆಚ್ಚನೆಯ ನೀರು ಒಳಗೆ ಸರಿಸಿದಳು.

ಇಂಥದೇ ಒಂದು ಬೆಳಿಗ್ಗೆ ಊರಲ್ಲಿ ಹಲಗೆಯ ಬಡಿತ ಕೇಳಿತು, ಶಾಲೆಯ ಮಕ್ಕಳು ಜಯಕಾರ ಹಾಕುತ್ತ ಬಾಗಿಲ ಮುಂದೆ ಹಾದುಹೋದರು. ನಾವು ಮೈಸೂರು ರಾಜ್ಯಕ್ಕೆ ಸೇರಿದ ಆ ದಿನ ಎಲ್ಲಿದ್ದೆವು ಎಂದು ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನು ಬೋಗುಣಿಯಲ್ಲಿದ್ದೆ. "ಸುಸ್ವಾಗತ ಸ್ವಾಮಿ, ದಯಮಾಡಿ ಒಳಗೆ ಬರಬೇಡಿ" ಎಂದು ಹೊಸ ಸರ್ಕಾರವನ್ನು ಅಲ್ಲಿಂದಲೇ ಬರಮಾಡಿಕೊಂಡೆ. ಮತ್ತು ಅಂದೇ ಗಮನಿಸಿದೆ: ನೀರು ಉರಿಯುತ್ತಿರಲಿಲ್ಲ.

ಬಿಸಿಲಿಗೆ ಕನ್ನಡಿ ಹಿಡಿದು ನೋಡಿದರೆ ಗುಳ್ಳೆಗಳು ಒಣಗಿ ಹಕ್ಕಳೆಯಾಗಿದ್ದವು. ಕಿತ್ತು ನೋಡಲು ಕೈ ತುರಿಸಿತು; "ಕೈ ತಗೀರಿ!" ಎಂದು ಬಾಗಿಲ ಆಚೆಯಿಂದ ಗದರಿಕೆ ಬಂತು. ನೋಡದೆಯೇ ಹೇಗೆ ತಿಳಿಯಿತೋ! ಹಬ್ಬ ಕಳೆಯುವಷ್ಟರಲ್ಲಿ ಅವು ತಾವಾಗಿ ಉದುರಿದವು. ಅಡಿಯಲ್ಲಿ ಎಳೆಯ ಗುಲಾಬಿ ಚರ್ಮ. ಅಂದಿನ ಊಟಕ್ಕೆ ಅತ್ತೆ ಬಡಿಸಿದ್ದನ್ನೆಲ್ಲ ಒಂದೂ ಬಿಡದೆ ತಿಂದೆ.

ಉಳಿದದ್ದು ಅವ್ವ. ಇಬ್ಬರೂ ಭಾಲ್ಕಿಗೆ ಹೋದೆವು. ನಾನು ದಾರಿಯುದ್ದಕ್ಕೂ ಒಂದು ಸುಳ್ಳು ಹೊಸೆದುಕೊಂಡಿದ್ದೆ: ನಾಗಪ್ಪ ಔರಾದದಲ್ಲಿ ಕನಸಿಗೆ ಬಂದು ಅಪ್ಪಣೆ ಕೊಟ್ಟ ಅಂತ. ನಾಗಪ್ಪನ ದನಿಯನ್ನೂ ತಯಾರು ಮಾಡಿದ್ದೆ. ನನ್ನಾಕೆ ಬಾಯಿ ತೆಗೆಯಲು ಬಿಡಲಿಲ್ಲ.

"ಅತ್ತಿ, ಇವರಿಗಿ ಆಗಿದ್ದು ಸರ್ಪಸುತ್ತು ಅಲ್ಲರಿ. ದಸರಾದಾಗ ನನ್ನ ತುಟಿ ಮ್ಯಾಲ ಎದ್ದಿತ್ತಲ್ಲ, ಅದೇ ಇವರಿಗಿ ಎದ್ದಿತ್ತು. ಸೊಂಟದ ಮ್ಯಾಲ ಅಲ್ಲ. ಇನ್ನಾ ಕೆಳಗ. ಈಗ ಮಾಯ್ದದ. ಕೊಯ್ಸಲಿಕ್ಕಿ ನೀವು ಹೂಂ ಅನ್ರಿ."

ಅವ್ವ ಸೊಸೆಯ ತುಟಿ ನೋಡಿದಳು. ನನ್ನ ಸೊಂಟ ನೋಡಿದಳು. ಅಲ್ಲಿಂದ ಕೆಳಗೆ ನೋಡಬಾರದೆಂದು ಅಟ್ಟ ನೋಡಿದಳು. ಅವಳ ಲೆಕ್ಕ ಎಲ್ಲಿಗೆ ಮುಟ್ಟಿತೆಂದು ಗೊತ್ತಾದದ್ದು ಅವಳ ಮುಖ ಕೆಂಪಾದಾಗ. ಆಮೇಲೆ ಸಿಟ್ಟು ಸೊಸೆಯನ್ನು ದಾಟಿ ನನ್ನ ಮೇಲೆ ಇಳಿಯಿತು.

"ಏನೋ ಭಾಡ್ಯಾ, ಮಾಡಿದ್ದು ನೀ, ಸುಳ್ಳ ಹೊರಸಿದ್ದು ನಾಗಪ್ಪನ ಮ್ಯಾಲೇನು? ಏಳು! ಹುತ್ತಕ್ಕ ಹಾಲ ಎರ್ದು ತಪ್ಪಾತು ಅನ್ನು. ಆಮ್ಯಾಲ ಎಲ್ಲಿ ಬೇಕಾದಲ್ಲಿ ಕೊಯ್ಸ್ಕೋ."

ಹಾಲು ಹಿಡಿದು ಹೊರಟವನನ್ನು ಹಿಂದೆ ಕರೆದು ದನಿ ತಗ್ಗಿಸಿದಳು: "ಆಯಿಗಿ ಏನೂ ಹೇಳಬ್ಯಾಡ. ತನ್ನ ಸಿಂಹಾನೇ ಗುಣಾ ಮಾಡ್ತದಂತ ಓಣಿ ತುಂಬ ಹೇಳ್ಕೊಂಡು ಬಂದಾಳ."

ಬೀದರಿನಲ್ಲಿ ಸಾಹೇಬರ ಕೋಣೆಯ ಪುಸ್ತಕಗಳೆಲ್ಲ ಪೆಟ್ಟಿಗೆ ಸೇರಿದ್ದವು. ಕಟ್ಟಕಡೆಯ ರೋಗಿ ನಾನೇ. ಮಲಗಿಸಿ ಭೂತಗನ್ನಡಿ ಹಿಡಿದು ನೋಡಿದರು, ಗಡ್ಡೆ ಒತ್ತಿ ನೋಡಿದರು. ನಾನು ಉಸಿರು ಹಿಡಿದಿದ್ದೆ. ಅವರು ಇನ್ನೊಮ್ಮೆ ನೋಡಿದರು.

"ಸೂಕಾ" ಎಂದರು. "ಬಿಲ್ಕುಲ್ ಒಣಗ್ಯಾವ. ರಕ್ತಾನೂ ಸಾಫ್ ಅದ. ನಾಳೆ ಕೊಯ್ತೇನಿ."

ಆಪರೇಶನ್ನಿಗೆ ಮೊದಲು ಕೂದಲು ತೆಗೆಯುವ ನಾವಲಿಗನಿಗೆ ಹೊಸ ಚರ್ಮದ ಕಡೆ ಕತ್ತಿ ಒಯ್ಯಬೇಡವೆಂದು ತಾವೇ ನಿಂತು ಹೇಳಿದರು. ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ನನ್ನ ಕಾಲುಗಳು ಯಾವ ರಾಜ್ಯಕ್ಕೆ ಹೋದವೋ ತಿಳಿಯಲಿಲ್ಲ. ಆದರೆ ಬಾಯಿ ಇತ್ತಲ್ಲ. "ದಯಮಾಡಿ ಮೆಲ್ಲಗೆ ಕೊಯ್ಯಿರಿ ಸ್ವಾಮಿ, ತಮಗೆ ತೊಂದರೆ ಆಗಬಾರದು" ಎಂದೆ. ಪರದೆಯ ಆಚೆ ಕತ್ತಿ ನಿಂತಿತು. ನರ್ಸಮ್ಮ ಕಿಸಕ್ಕೆಂದರು.

"ಇನ್ನೊಂದು ಮಾತಾಡಿದ್ರ ಬಾಯೀನೂ ಹೊಲೀತೇನಿ" ಎಂದರು ಸಾಹೇಬರು.

ಬಾಯಿ ಮುಚ್ಚಿಕೊಂಡೆ. ಹೊಲಿಗೆ ಬಿಚ್ಚುವ ತನಕ ಸಾಹೇಬರು ಪೆಟ್ಟಿಗೆ ಕಟ್ಟಿಟ್ಟುಕೊಂಡೇ ಕಾದರು. ಕೀವಿಲ್ಲ, ಜ್ವರವಿಲ್ಲ. ಕೊನೆಯ ದಾರ ತೆಗೆದು, ನನ್ನನ್ನು ಎದ್ದು ನಿಲ್ಲಿಸಿ, ತೊಡೆಸಂದಿಯ ಮೇಲೆ ಎರಡು ಬೆರಳಿಟ್ಟು ಹೇಳಿದರು: "ಕೆಮ್ಮು."

ಹೆದರಿ ಸಣ್ಣಗೆ ಕೆಮ್ಮಿದೆ. ಏನೂ ಬರಲಿಲ್ಲ. "ಜೋರಾಗಿ" ಎಂದರು. ಚಹಾ ಮಾರುವವನ ಬೀಡಿಯ ಕೆಮ್ಮು ಕೆಮ್ಮಿದೆ. ಬರಲಿಲ್ಲ. ಕಚೇರಿಯ ಜವಾನ ಸಾಹೇಬರ ಬಾಗಿಲಲ್ಲಿ ನಿಂತು ಕೆಮ್ಮುವ ಕೆಮ್ಮು; ಸೊಸೆ ಹೊರಗೆ ಬರಲೆಂದು ಅವ್ವ ಅಂಗಳದಲ್ಲಿ ಕೆಮ್ಮುವ ಕೆಮ್ಮು. ಬಾಗಿಲಲ್ಲಿದ್ದ ಅವ್ವ ಅಯ್ಯ ಎಂದಳು, ನನ್ನಾಕೆ ಸೆರಗಿನಲ್ಲಿ ನಕ್ಕಳು. ವಾರ್ಡಿನ ರೋಗಿಗಳು ಒಬ್ಬೊಬ್ಬರೇ ಎದ್ದು ಕೂತು, ಇವರದು ಅವರದು ಎಂದು ಕೇಳತೊಡಗಿದರು. ನಾನು ಎರಡೂ ಕೈ ಗಾಳಿಯಲ್ಲಿ ಬೀಸಿ ಕೆಮ್ಮಿದೆ. ಗಂಟು ಬರಲಿಲ್ಲ, ಬರಲಿಲ್ಲ, ಬರಲೇ ಇಲ್ಲ.

"ನಂದು ಬರ್ತದೇನು?" ಎಂದರು ಸಾಹೇಬರು.

ಎದೆ ತುಂಬ ಉಸಿರು ಎಳೆದು, ಕನ್ನಡಕ ಸರಿಮಾಡಿಕೊಂಡಂತೆ ಮಾಡಿ, ಅವರು ಕಾಂಪೌಂಡರನನ್ನು ಕರೆಯುವಾಗ ಕೆಮ್ಮುವ ಕೆಮ್ಮು ಕೆಮ್ಮಿದೆ. ಔಷಧದ ಕೋಣೆಯಿಂದ ಕಾಂಪೌಂಡರ್ ಓಡಿಬಂದು, "ಜೀ ಸಾಬ್!" ಎಂದು ನನ್ನ ಮುಂದೆ ನೆಟ್ಟಗೆ ನಿಂತ.